ನಿಲುಗಡೆಯ ನೆಲ ಯಾರ ಕೈಯಲ್ಲಿರಬೇಕು?

ಓಡುವ ವಾಹನಕ್ಕೆ ರಸ್ತೆ ಬೇಕೆಂಬುದು ಎಲ್ಲರಿಗೂ ತಿಳಿದಿದೆ. ನಿಂತ ವಾಹನಕ್ಕೂ ನೆಲ ಬೇಕೆಂಬುದು ಆಡಳಿತ ನಡೆಸುವವರ ನೆನಪಿಗೆ ಬರುವುದು ಬೀದಿ ಕಟ್ಟಿಕೊಂಡ ಮೇಲೆಯೇ. ಖಾಸಗಿ ಕಾರೊಂದು ದಿನದ 24 ಗಂಟೆಗಳಲ್ಲಿ ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಬಹಳ ಹೆಚ್ಚು. ಹಾಗೆ ನಿಲ್ಲಲು ಅದಕ್ಕೆ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್ ಜಾಗ ಬೇಕು. ಒಳಬಂದು ಹೊರಹೋಗುವ ದಾರಿಯನ್ನೂ ಸೇರಿಸಿದರೆ ಇದು ಸುಮಾರು ಇಮ್ಮಡಿಯಾಗುತ್ತದೆ. ತರಕಾರಿ ಮಾರುವ ತಳ್ಳುಗಾಡಿಗೆ 2 ಚದರ ಮೀಟರ್ ಸಾಕು. ಆರು ಕುಟುಂಬಗಳು ಅನ್ನ ಹುಟ್ಟಿಸಿಕೊಳ್ಳಬಹುದಾದ ಜಾಗವನ್ನು ಒಂದೇ ಕಾರು ದಿನವಿಡೀ ಹಿಡಿದು ನಿಲ್ಲಬಲ್ಲದು. ಆ ನೆಲ ಸಾರ್ವಜನಿಕರದು. ಅದರ ಹೊಣೆ ಯಾರದು, ಅದರಿಂದ ಬರುವ ಹಣ ಎಲ್ಲಿಗೆ ಹೋಗುತ್ತದೆ, ಅದರ ಅಡಿಯ ನೀರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಪಟ್ಟಣಕ್ಕಷ್ಟೇ ಸೇರಿದವಲ್ಲ.

ರಾಜ್ಯದ ಉತ್ತರ ತುದಿಯ ಬೀದರ ನಗರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಉಪಯುಕ್ತ. ಬಯಲುಸೀಮೆಯ ಊರಿನ ಚಿಂತೆ ಗುಡ್ಡಗಾಡಿನವರಿಗೇಕೆ ಎಂದು ಕೆಲವರು ಕೇಳಬಹುದು. ಆದರೆ ಬೀದರ ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿರುವ ಊರು. ಅದು ನಿಂತಿರುವುದು ಕರಾವಳಿ ಮತ್ತು ಮಲೆನಾಡಿನವರು ದಿನವೂ ಕಾಣುವ ಜಂಬಿಟ್ಟಿಗೆಯ ಮೇಲೆ. ಕಾಸರಗೋಡು, ಪುತ್ತೂರು, ಸುಳ್ಯದ ಗುಡ್ಡಗಳಲ್ಲಿ ಜಂಬಿಟ್ಟಿಗೆಯ ಒಡಲು ಕೊರೆದು ನೀರು ತರುವ ಸುರಂಗಗಳಿರುವಂತೆ, ಬೀದರದಲ್ಲಿಯೂ ಬಹಮನಿ ಅರಸರ ಕಾಲದ ಸುರಂಗ ಬಾವಿಗಳಿವೆ. ಎರಡೂ ಕಡೆಯ ನೆಲದ ಗುಣ ಒಂದೇ ಆದ್ದರಿಂದ ಎರಡೂ ಕಡೆಗೆ ಒದಗಬಹುದಾದ ಅಪಾಯವೂ ಒಂದೇ.

ಹಲವು ಕೈಗಳ ಗೊಂದಲ

ಬೀದರದ ಹಳೆಯ ಊರು ಕಾರುಗಳಿಗಾಗಿ ಕಟ್ಟಿದ್ದಲ್ಲ. ಚೌಬಾರಾದಲ್ಲಿ ಕೂಡುವ ಬೀದಿಗಳು, 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನರ ಮದರಸಾ, ಅದರಾಚೆಯ ಕೋಟೆ ಇವೆಲ್ಲ ಕಾಲ್ನಡಿಗೆಯ ಮತ್ತು ಕುದುರೆಯ ಕಾಲದವು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 2 ಲಕ್ಷ ದಾಟಿತ್ತು. ಅನಂತರ ನಗರಸಭೆಯ ಮಟ್ಟದಿಂದ ಮಹಾನಗರ ಪಾಲಿಕೆಯ ಮಟ್ಟಕ್ಕೇರುವ ಹಾದಿಯನ್ನು ಊರು ಹಿಡಿಯಿತು. ಬೀದಿಗಳ ಅಗಲ ಮಾತ್ರ ಜನಸಂಖ್ಯೆಯೊಡನೆ ಬೆಳೆಯುವಂಥದ್ದಲ್ಲ.

ಇಂಥ ಊರಿನಲ್ಲಿ ವಾಹನ ನಿಲ್ಲಿಸುವ ಜಾಗಗಳ ಒಡೆತನ ಹಲವು ಕೈಗಳಲ್ಲಿ ಹಂಚಿಹೋಗಿರುವುದು ಸಹಜ. ರಸ್ತೆಗಳಲ್ಲಿ ಕೆಲವು ಸ್ಥಳೀಯ ಸಂಸ್ಥೆಯವು, ಕೆಲವು ಲೋಕೋಪಯೋಗಿ ಇಲಾಖೆಯವು. ಸಂಚಾರ ನಿಯಂತ್ರಣ ಪೊಲೀಸರದು. ಕೋಟೆ ಹಾಗೂ ಮದರಸಾ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಬಸ್ ನಿಲ್ದಾಣ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ರೈಲು ನಿಲ್ದಾಣ ರೈಲ್ವೆಯದು, ಗಂಜಿನ ಅಂಗಳ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯದು. ಆಸ್ಪತ್ರೆಯ ಆವರಣಕ್ಕೆ ಮತ್ತೊಂದು ಆಡಳಿತ, ಗುಡಿ ಗುರುದ್ವಾರಗಳಿಗೆ ಅವುಗಳದೇ ಸಮಿತಿಗಳು.

ಔರಾದ ತಾಲ್ಲೂಕಿನ ರೈತನೊಬ್ಬ ಬೈಕಿನಲ್ಲಿ ಬೀದರಕ್ಕೆ ಬಂದನೆನ್ನಿ. ಬೆಳಿಗ್ಗೆ ಗಂಜಿನಲ್ಲಿ ತೊಗರಿಯ ಧಾರಣೆ ವಿಚಾರಿಸಿ, ಆಸ್ಪತ್ರೆಯಲ್ಲಿರುವ ಸಂಬಂಧಿಕರನ್ನು ಕಂಡು, ಮಧ್ಯಾಹ್ನ ಕಚೇರಿಯ ಕೆಲಸ ಮುಗಿಸಬೇಕು. ಆಡಳಿತ ಹಲವಾದಾಗ ಒಂದು ಕಡೆ ಚೀಟಿ, ಇನ್ನೊಂದು ಕಡೆ ಚೀಟಿಯಿಲ್ಲದೆ ಕೇಳುವ ಹಣ, ಮತ್ತೊಂದು ಕಡೆ ದಂಡ ಎಂಬ ಸ್ಥಿತಿ ಉಂಟಾಗುತ್ತದೆ. ಎಲ್ಲಿ ನಿಲ್ಲಿಸುವುದು ಸರಿ, ಎಷ್ಟು ಕೊಡುವುದು ನ್ಯಾಯ ಎಂದು ತಿಳಿಸುವ ಒಂದು ಫಲಕವಾಗಲಿ, ದೂರು ಕೇಳುವ ಒಂದು ಕಚೇರಿಯಾಗಲಿ ಆತನಿಗೆ ಸಿಗದು. ಹೊಣೆ ಹಂಚಿಹೋದಲ್ಲಿ ಹೊಣೆಗಾರರು ಇರುವುದಿಲ್ಲ.

ಒಂದೇ ಕೈ, ಆದರೆ ಯಾರ ಕೈ?

ಆದ್ದರಿಂದ ಊರಿನ ಸಾರ್ವಜನಿಕ ನಿಲುಗಡೆ ತಾಣಗಳೆಲ್ಲ ಒಂದೇ ನಿರ್ವಹಣೆಯಡಿ ಬರಬೇಕೆಂಬ ವಿಚಾರ ಸರಿಯಾದದ್ದು. ಬೀದಿಬದಿಯ ನಿಲುಗಡೆ ಮತ್ತು ಮೈದಾನದ ನಿಲುಗಡೆ ಬೇರೆ ಬೇರೆಯವರ ಕೈಯಲ್ಲಿದ್ದರೆ ಎರಡೂ ಕೆಡುತ್ತವೆ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಕಟ್ಟಿದ ಬಹುಮಹಡಿ ನಿಲುಗಡೆ ಕಟ್ಟಡ ನಡೆಸುವವರು ಸಿಗದೆ ಬಹುಕಾಲ ಕಾದು, 2024ರಲ್ಲಷ್ಟೇ ಬಳಕೆಗೆ ತೆರೆದುಕೊಂಡಿತು. ಹೊರಗಿನ ಬೀದಿಯಲ್ಲಿ ಪುಕ್ಕಟೆಯಾಗಿ ನಿಲ್ಲಿಸಲು ಬರುವಾಗ ಒಳಗೆ ಹಣ ತೆತ್ತು ನಿಲ್ಲಿಸುವವರು ವಿರಳ. ಬೀದಿಯ ದರ ಮತ್ತು ಕಟ್ಟಡದ ದರವನ್ನು ಒಟ್ಟಾಗಿ ನಿಗದಿಮಾಡುವ ಒಂದು ಸಂಸ್ಥೆ ಇಲ್ಲದೆ ಇದು ಸರಿಹೋಗದು.

ಆ ಕೈ ಯಾರದಾಗಬೇಕೆಂಬುದನ್ನು ಸಂವಿಧಾನವೇ ಸೂಚಿಸಿದೆ. 1992ರ 74ನೇ ತಿದ್ದುಪಡಿಯಿಂದ ಸೇರಿದ 12ನೇ ಅನುಸೂಚಿಯ 17ನೇ ಅಂಶದಲ್ಲಿ ಬೀದಿದೀಪ, ಬಸ್ ತಂಗುದಾಣಗಳೊಡನೆ ವಾಹನ ನಿಲುಗಡೆ ತಾಣಗಳೂ ಸೇರಿವೆ. ರಾಜ್ಯಗಳು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಡಬಹುದಾದ ಹೊಣೆಗಳ ಪಟ್ಟಿ ಅದು. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಕೂಡ ನಿಲುಗಡೆಯ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿಯೇ ಗೊತ್ತುಪಡಿಸಬೇಕೆನ್ನುತ್ತದೆ. ಜನರು ಆರಿಸುವ ಸಂಸ್ಥೆಗೆ ಸೇರಬೇಕಾದ ಕೆಲಸವಿದು. ಪೊಲೀಸರು ನಿಯಮವನ್ನು ಜಾರಿಮಾಡಲಿ, ಬೇರೆ ಇಲಾಖೆಗಳು ಒಪ್ಪಂದದ ಮೂಲಕ ತಮ್ಮ ಅಂಗಳಗಳನ್ನು ಒಂದೇ ನಿಯಮದಡಿ ತರಲಿ. ತೀರ್ಮಾನ ಮತ್ತು ಲೆಕ್ಕ ಮಾತ್ರ ಸ್ಥಳೀಯ ಸಂಸ್ಥೆಯಲ್ಲಿರಬೇಕು.

ಅಪಾಯ ಬರುವುದು ಇಲ್ಲಿಯೇ. ಏಕೀಕರಣವೆಂದರೆ ಅನೇಕ ಬಾರಿ ಎಲ್ಲವನ್ನೂ ಒಟ್ಟುಗೂಡಿಸಿ ಒಬ್ಬ ಗುತ್ತಿಗೆದಾರನಿಗೆ ಹಲವು ವರ್ಷಗಳಿಗೆ ಒಪ್ಪಿಸುವುದೆಂದೇ ಅರ್ಥವಾಗುತ್ತದೆ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಹೆಚ್ಚು ವಾಹನಗಳು ನಿಂತಷ್ಟೂ ಲಾಭ. ವಾಹನ ಕಡಿಮೆಯಾಗಬೇಕೆಂಬುದು ಊರಿನ ಹಿತ, ಹೆಚ್ಚಾಗಬೇಕೆಂಬುದು ಗುತ್ತಿಗೆಯ ಹಿತ. ಇವೆರಡನ್ನು ಒಂದೇ ಕರಾರಿನಲ್ಲಿ ಕಟ್ಟಿಹಾಕಲಾಗದು. ಕೂಲಿಯ ಮೇಲೆ ಚೀಟಿ ಹರಿಯುವ ಕೆಲಸವನ್ನು ಹೊರಗಿನವರಿಗೆ ಕೊಡಬಹುದು. ದರ, ಸ್ಥಳ ಮತ್ತು ಆದಾಯದ ಮೇಲಿನ ಅಧಿಕಾರವನ್ನು ಕೊಡಬಾರದು.

ಹಣ ಎಲ್ಲಿಗೆ ಹೋಗಬೇಕೆಂಬುದಕ್ಕೆ ಹೊರನಾಡಿನ ಒಂದು ನಿದರ್ಶನವಿದೆ. ಅಮೆರಿಕದ ಪ್ಯಾಸಡೀನಾ ನಗರದ ಹಳೆಯ ಪೇಟೆಯಲ್ಲಿ 1993ರಲ್ಲಿ ನಿಲುಗಡೆ ಶುಲ್ಕ ವಿಧಿಸಿದಾಗ, ಆ ಹಣವನ್ನು ಅದೇ ಬೀದಿಗಳ ಕಾಲುದಾರಿ, ದೀಪ, ಗಿಡಮರಗಳಿಗೆ ಬಳಸುವುದಾಗಿ ಒಪ್ಪಿದ ಮೇಲೆ ವರ್ತಕರ ವಿರೋಧ ತಣ್ಣಗಾಯಿತು. ಪುಕ್ಕಟೆ ನಿಲುಗಡೆಯ ವೆಚ್ಚವನ್ನು ಕಾರಿಲ್ಲದವರೂ ತೆರುತ್ತಾರೆ ಎಂದು 2005ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ ವಿದ್ವಾಂಸ ಡೊನಾಲ್ಡ್ ಶೂಪ್ ಈ ಊರನ್ನೇ ಉದಾಹರಿಸುತ್ತಿದ್ದರು. ಭಾರತದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ನಿಲುಗಡೆಯ ಶುಲ್ಕ ನೆಲದ ಬೆಲೆಗೆ ತಕ್ಕಂತಿರಬೇಕೆಂದಿದೆ.

ಭಾಲ್ಕಿ ಮತ್ತು ಔರಾದಗಳ ಮಾತು

ಜಿಲ್ಲೆಗೆಲ್ಲ ಒಂದೇ ನಿಲುಗಡೆ ಪ್ರಾಧಿಕಾರ ಮಾಡಿದರೆ ಇನ್ನೂ ಅನುಕೂಲವಲ್ಲವೇ ಎಂಬ ವಾದ ಬರಬಹುದು. ಭಾಲ್ಕಿಯದು ಪುರಸಭೆ, ಔರಾದದ್ದು ಪಟ್ಟಣ ಪಂಚಾಯಿತಿ. ಎರಡೂ ಬೀದರದಿಂದ ಸುಮಾರು 40 ಕಿ.ಮೀ. ದೂರ, ಎರಡಕ್ಕೂ ಸಿಬ್ಬಂದಿ ಕಡಿಮೆ, ಆದಾಯ ಅಲ್ಪ. ಚೀಟಿ ಯಂತ್ರ, ಲೆಕ್ಕದ ನಮೂನೆ, ತರಬೇತಿ ಮೊದಲಾದವು ಜಿಲ್ಲೆಗೆ ಒಂದೇ ಆಗಿದ್ದರೆ ಖರ್ಚು ಉಳಿಯುವುದು ನಿಜ. ಆದರೆ ಈ ಊರುಗಳ ಅಗತ್ಯಗಳು ಬೇರೆ. ಬೀದರದ ಚಿಂತೆ ಪ್ರವಾಸಿಗರ ಕಾರು. ಭಾಲ್ಕಿಯಲ್ಲಿ ರೈಲು ನಿಲ್ದಾಣಕ್ಕೂ ಪೇಟೆಗೂ ನಡುವೆ ಓಡಾಡುವ ಜನ, ಮಠಕ್ಕೆ ಬರುವ ಭಕ್ತರು. ಔರಾದದಲ್ಲಿ ಹಳ್ಳಿಗಳಿಂದ ಜನರನ್ನು ತುಂಬಿಕೊಂಡು ಬರುವ ಟಂಟಂ ಮತ್ತು ಜೀಪು, ಅಮರೇಶ್ವರನ ಜಾತ್ರೆಯ ದಟ್ಟಣೆ. ಟಂಟಂ ನಿಲ್ಲಲು ನೆರಳಿನ ಒಂದು ಜಾಗ ಔರಾದಕ್ಕೆ ಬಹುಮಹಡಿ ಕಟ್ಟಡಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಆ ಜಾಗವನ್ನು ಗುರುತಿಸಬಲ್ಲವರು ಔರಾದದವರೇ. ಭಾಲ್ಕಿಯ ಬೀದಿಯಲ್ಲಿ ಹುಟ್ಟಿದ ಹಣ ಭಾಲ್ಕಿಯ ಚರಂಡಿ ಮತ್ತು ಶೌಚಾಲಯಕ್ಕೆ ಸಲ್ಲದೆ ಜಿಲ್ಲಾ ಕೇಂದ್ರದ ಅಲಂಕಾರಕ್ಕೆ ಹೋದರೆ ಅದು ಏಕೀಕರಣವಲ್ಲ, ಅಪಹರಣ. ನಿಯಮದ ಚೌಕಟ್ಟು ಜಿಲ್ಲೆಗೆ ಒಂದಿರಲಿ. ಒಡೆತನ ಮತ್ತು ಖಜಾನೆ ಊರೂರಿಗೆ ಇರಲಿ.

ಕಾಂಕ್ರೀಟಿನ ಕೆಳಗಿನ ನೀರು

ನಿಲುಗಡೆಯ ಚರ್ಚೆಯಲ್ಲಿ ಎಂದೂ ಕೇಳಿಬರದ ಮಾತು ನೀರಿನದು. ಬೀದರದ ಜಂಬಿಟ್ಟಿಗೆ ಮಳೆಯನ್ನು ಹೀರುತ್ತದೆ, ಅದರಡಿಯ ಕಪ್ಪು ಬಂಡೆ ಆ ನೀರನ್ನು ತಡೆಯುತ್ತದೆ. ಇವೆರಡರ ನಡುವೆ ಸಂಚರಿಸುವ ನೀರನ್ನೇ ಪರ್ಷಿಯಾದ ಕನಾತ್ ವಿದ್ಯೆ ಬಲ್ಲವರು 15ನೇ ಶತಮಾನದಲ್ಲಿ ನೌಬಾದ ಮುಂತಾದೆಡೆ ಸುರಂಗ ಕೊರೆದು ಊರಿಗೆ ತಂದರು. ನರಸಿಂಹ ಝರಣಿಯ ಗುಹೆಯ ನೀರು, ಗುರು ನಾನಕ ಝೀರಾದ ತಿಳಿನೀರು ಇದೇ ನೆಲದ ಕೊಡುಗೆ. ಬೀದರದ ಸರಾಸರಿ ವಾರ್ಷಿಕ ಮಳೆಯನ್ನು 850 ಮಿ.ಮೀ. ಎಂದು ಹಿಡಿದರೆ ಒಂದು ಎಕರೆ ನೆಲದ ಮೇಲೆ ವರ್ಷಕ್ಕೆ 34 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಹತ್ತನೆಯ ಒಂದು ಭಾಗ ಇಂಗಿದರೂ 3.4 ಲಕ್ಷ ಲೀಟರ್. ಅಂಥ ಎಕರೆಗೆ ಕಾಂಕ್ರೀಟು ಹೊದಿಸಿ ನಿಲುಗಡೆ ತಾಣ ಮಾಡಿದರೆ ಅಷ್ಟೂ ಚರಂಡಿಯ ಪಾಲು. ಝರಿಯ ದರ್ಶನಕ್ಕೆ ಬಂದವರ ವಾಹನಕ್ಕಾಗಿ ಝರಿಯ ನೆತ್ತಿಯನ್ನೇ ಮುಚ್ಚಿದರೆ ಮುಂದಿನ ತಲೆಮಾರಿನವರು ದರ್ಶನಕ್ಕೆ ಬರುವುದಾದರೂ ಯಾವುದರದು? 2016ರ ಬರದಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮಾಂಜ್ರಾ ಸೀಮೆಯ ಜನ ಆ ದಿನಗಳನ್ನು ಮರೆಯಲಾರರು.

ಆದ್ದರಿಂದ ನಿಲುಗಡೆ ಒಂದೇ ಕೈಗೆ ಬಂದ ದಿನವೇ ಮೊದಲ ನಿಯಮ ಹೀಗಿರಬೇಕು: ಸುರಂಗ ಬಾವಿಗಳ ಮತ್ತು ಝರಿಗಳ ಜಲಾನಯನದಲ್ಲಿ ಹೊಸ ಕಾಂಕ್ರೀಟು ತಾಣ ಕೂಡದು, ಅಲ್ಲಿ ಈಗಿರುವ ಅಂಗಳಗಳು ಮುರಂ ನೆಲವಾಗಿಯೇ ಉಳಿದು ಮರಗಳ ನೆರಳು ಪಡೆಯಲಿ. ಸ್ಮಾರಕಗಳ ಬದಿಯಲ್ಲಿ ಕಟ್ಟಡ ಎಬ್ಬಿಸುವ ಆಸೆಗೆ 2010ರ ತಿದ್ದುಪಡಿ ಕಾನೂನೇ ಅಡ್ಡಗಟ್ಟಿದೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿರ್ಬಂಧಿತ. ಕಾರುಗಳು ಹಳೆಯ ಊರಿನ ಹೊರಗೆ ನಿಂತು, ಒಳಗೆ ನಡಿಗೆ ಮತ್ತು ಸಣ್ಣ ಬಸ್ಸು ಸಾಗುವುದೇ ಉಳಿದ ಮಾರ್ಗ.

ಶುಲ್ಕ ವಿಧಿಸಿದರೆ ಗಿರಾಕಿಗಳು ಬರುವುದಿಲ್ಲವೆಂಬ ಅಂಗಡಿಕಾರರ ಆತಂಕವನ್ನು ತಳ್ಳಿಹಾಕಬಾರದು. ಆದರೆ ದಿನವಿಡೀ ಅಂಗಡಿಯ ಮುಂದೆ ಕದಲದೆ ನಿಲ್ಲುವ ವಾಹನವೇ ಗಿರಾಕಿಯ ಜಾಗವನ್ನು ಕಸಿಯುತ್ತದೆ. ಮೊದಲ ಅರ್ಧ ಗಂಟೆ ಪುಕ್ಕಟೆಯಾಗಿಟ್ಟು, ಅನಂತರ ಗಂಟೆಗಂಟೆಗೂ ಏರುವ ದರ ಇಟ್ಟರೆ ಜಾಗ ಬೇಗ ತೆರವಾಗುತ್ತದೆ. ಸೈಕಲ್ಲಿಗೆ, ಅಂಗವಿಕಲರ ವಾಹನಕ್ಕೆ, ಆಸ್ಪತ್ರೆಗೆ ಬಂದ ರೋಗಿಯ ವಾಹನಕ್ಕೆ ಶುಲ್ಕ ಸಲ್ಲದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ರಕ್ಷಣೆ ನೀಡಿದವರನ್ನು ನಿಲುಗಡೆಯ ನೆಪದಲ್ಲಿ ಎಬ್ಬಿಸಲೂ ಕೂಡದು. ಪ್ರತಿ ತಾಣದ ದರ, ತಿಂಗಳ ಆದಾಯ ಮತ್ತು ಖರ್ಚು ಅಲ್ಲಿಯೇ ಫಲಕದಲ್ಲಿ, ಕನ್ನಡದೊಡನೆ ಜನ ಓದಬಲ್ಲ ಉರ್ದು ಮತ್ತು ಮರಾಠಿಯಲ್ಲಿಯೂ ಇರಲಿ. ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳಿಯೇ ಇದೆ. ಉಳಿದ ಹಣ ಬಸ್ ತಂಗುದಾಣಗಳಿಗೆ ಸಲ್ಲಲಿ. 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತಿದೆ. ಬಸ್ಸಿಗಾಗಿ ಕಾಯುವವರಿಗೆ ನೆರಳು ಸಿಕ್ಕಷ್ಟೂ ನಿಲುಗಡೆಗೆ ಬೇಕಾದ ನೆಲ ಕಡಿಮೆಯಾಗುತ್ತದೆ.

ಗುಡ್ಡದ ಊರುಗಳಿಗೆ ಈ ಪಾಠ ಈಗಲೇ ಬೇಕಾಗಿದೆ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಲ್ಲಿ ನೀಲಗಿರಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. ಮುಳ್ಳಯ್ಯನಗಿರಿಗೆ 2025ರಲ್ಲಿ ಮುಂಗಡ ನೋಂದಣಿ ಬಂತು. ಬೆಟ್ಟ ಹೊರಬಲ್ಲ ವಾಹನಗಳಿಗೆ ಮಿತಿಯುಂಟೆಂಬುದನ್ನು ಕೊನೆಗೂ ಆಡಳಿತ ಒಪ್ಪಿದೆ. ಆದರೆ ಬೆಟ್ಟದ ಬುಡದಲ್ಲಿ ಆ ವಾಹನಗಳು ಯಾರ ಗೋಮಾಳದಲ್ಲಿ ನಿಲ್ಲುತ್ತವೆ, ಚೀಟಿ ಹರಿಯುವವರು ಯಾರು, ಆ ಹಣ ಯಾವ ಪಂಚಾಯಿತಿಗೆ ಸೇರುತ್ತದೆ ಎಂಬುದನ್ನು ಗ್ರಾಮಸಭೆಗಳು ಇನ್ನು ಮೇಲೆ ಕೇಳಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ನಿಲುಗಡೆ ಜಾಗಗಳನ್ನು ಒಂದು ರಜಾದಿನ ಅಳೆದು, ಎಣಿಸಿ, ನಕ್ಷೆ ಬರೆದು ಗ್ರಾಮಸಭೆಯ ಮುಂದಿಡಬಹುದು. ಎಷ್ಟು ನೆಲ, ಯಾರ ನೆಲ, ಅದರಡಿಯಲ್ಲಿ ಯಾವ ಒರತೆ ಎಂಬ ಲೆಕ್ಕ ಊರಿನವರ ಕೈಯಲ್ಲಿದ್ದರೆ, ಟೆಂಡರಿನ ಕಾಗದ ಬಂದ ದಿನ ಉತ್ತರವೂ ಸಿದ್ಧವಾಗಿರುತ್ತದೆ.