ಶಿಖರವೇರಿದವರು ಇಬ್ಬರು, ಹಾರ ಬಿದ್ದದ್ದು ಒಬ್ಬನ ಕೊರಳಿಗೆ

ಕಳೆದ ತಿಂಗಳು ನಮ್ಮ ತಾಲ್ಲೂಕು ಕೇಂದ್ರದ ಸಭಾಭವನದಲ್ಲಿ ಒಂದು ಸನ್ಮಾನ ಸಮಾರಂಭ ಏರ್ಪಟ್ಟಿತ್ತು. ಎವರೆಸ್ಟ್ ಶಿಖರವನ್ನು ಏರಿ ಬಂದ ತರುಣನೊಬ್ಬನಿಗೆ ಸನ್ಮಾನ. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನಲ್ಲಿ ಸಮಾಜ ವಿಜ್ಞಾನ ಓದಿದ ಹುಡುಗ ಅವನು. ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರಿನ ಜೊತೆಗೆ ‘ಎವರೆಸ್ಟ್ ವಿಜೇತ’ ಎಂಬ ಬಿರುದು ಅಚ್ಚಾಗಿತ್ತು. ಬಾಗಿಲ ಬಳಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ‘ಶುಭ ಕೋರುವವರು’ ಎಂಬ ತಲೆಬರಹದ ಕೆಳಗೆ ಹದಿನೆಂಟು ಮಂದಿಯ ಭಾವಚಿತ್ರಗಳಿದ್ದವು. ಕೆಲಸವಿಲ್ಲದ ಮೇಷ್ಟ್ರು ನಾನು, ನಿಂತು ಎಣಿಸಿದೆ. ಅವರಲ್ಲಿ ಒಬ್ಬರಾದರೂ ಹಿಮವನ್ನು ಕಣ್ಣಾರೆ ಕಂಡವರಲ್ಲ.

ಗುರುಗಳೆಂಬ ಗೌರವದಿಂದ ನನಗೂ ಎರಡು ಮಾತನಾಡಲು ಹೇಳಿದರು. ನಾನು ಎದ್ದು ನಿಂತು ಹುಡುಗನನ್ನು ಮನಸಾರೆ ಹರಸಿದೆ. ಆಮೇಲೆ, ಪಾಠದ ಅಭ್ಯಾಸ ಬಿಡದಿದ್ದುದರಿಂದ, ಅವನಿಗೊಂದು ಪ್ರಶ್ನೆ ಕೇಳಿದೆ: “ಶಿಖರದ ಮೇಲೆ ನಿನ್ನ ಪಕ್ಕದಲ್ಲಿ ನಿಂತಿದ್ದವರ ಹೆಸರೇನಪ್ಪ?” ಹುಡುಗ ತಡವರಿಸದೆ ಹೇಳಿದ. ನಾನು ಸಭೆಯ ಕಡೆಗೆ ತಿರುಗಿ, “ಈ ಹೆಸರು ನಿಮ್ಮ ಫ್ಲೆಕ್ಸಿನಲ್ಲಿ ಎಲ್ಲಿದೆ? ಸನ್ಮಾನ ಪತ್ರದಲ್ಲಿ ಎಲ್ಲಿದೆ? ಬೆಳಗಿನ ಪತ್ರಿಕೆಯಲ್ಲಿ ಎಲ್ಲಿತ್ತು?” ಎಂದು ಕೇಳಿದೆ. ಸಭೆ ನಿಶ್ಶಬ್ದವಾಯಿತು. ಆ ರಾತ್ರಿ ಸಂಘಟಕರೊಬ್ಬರು ದೂರವಾಣಿ ಮಾಡಿ, “ಸಂತೋಷದ ಸಮಯದಲ್ಲಿ ಅಪಸ್ವರ ತೆಗೆದಿರಿ ಸಾರ್” ಎಂದರು. ದೂರವಾಣಿಯಲ್ಲಿ ಸಮಾಧಾನವಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ವೃತ್ತಿಯ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ‘ಎವರೆಸ್ಟನ್ನು ಮೊದಲು ಏರಿದವರು ಯಾರು?’ ಎಂಬ ಒಂದು ಅಂಕದ ಪ್ರಶ್ನೆಯನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. 1953ರ ಮೇ 29, ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎಂದು ಬರೆದರೆ ಪೂರ್ಣ ಅಂಕ. ಅದಕ್ಕೆ ಮೂರು ದಿನ ಮುಂಚೆ, ಮೇ 26ರಂದು, ತಂಡದ ನಾಯಕ ಜಾನ್ ಹಂಟ್ ಅವರೊಡನೆ ದಾ ನಾಮ್‌ಗ್ಯಾಲ್ ಎಂಬ ಶೆರ್ಪಾ ಸುಮಾರು 8,300 ಮೀಟರ್ ಎತ್ತರದವರೆಗೆ ಹೊರೆ ಹೊತ್ತು ಸಾಗಿಸಿ ಅಲ್ಲಿರಿಸಿ ಬಂದರು. ಮೇ 28ರಂದು ಜಾರ್ಜ್ ಲೋ ಮತ್ತು ಆಲ್ಫ್ರೆಡ್ ಗ್ರೆಗರಿಯವರೊಡನೆ ಆಂಗ್ ನ್ಯೀಮಾ ಎಂಬ ಇನ್ನೊಬ್ಬ ಶೆರ್ಪಾ ಸುಮಾರು 8,500 ಮೀಟರಿನವರೆಗೆ ಸಾಮಗ್ರಿ ಹೊತ್ತು ಕೊನೆಯ ಶಿಬಿರಕ್ಕೆ ತಲುಪಿಸಿ ಕೆಳಗಿಳಿದರು. ಆ ಗುಡಾರ, ಆ ಆಮ್ಲಜನಕ ಅಲ್ಲಿರದಿದ್ದರೆ ಮಾರನೆಯ ಬೆಳಗಿನ ಆರೋಹಣವೇ ಇರುತ್ತಿರಲಿಲ್ಲ. ಇದನ್ನು ನಾನು ಒಂದು ತರಗತಿಗೂ ಹೇಳಲಿಲ್ಲ. ಏಕೆಂದರೆ ನಿವೃತ್ತನಾಗುವವರೆಗೆ ನನಗೇ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ.

ತೇನ್‌ಸಿಂಗರ ಹೆಸರು ಉಳಿದದ್ದೂ ಸುಲಭದಲ್ಲೇನಲ್ಲ. 1935ರಲ್ಲಿ ಹೊರೆಯಾಳಾಗಿ ಆ ಪರ್ವತಕ್ಕೆ ಮೊದಲು ಹೋದವರು, 1952ರಲ್ಲಿ ಸ್ವಿಸ್ ಪರ್ವತಾರೋಹಿ ರೇಮಂಡ್ ಲ್ಯಾಂಬರ್ಟರೊಡನೆ ಸುಮಾರು 8,600 ಮೀಟರ್ ಮುಟ್ಟಿ ಹಿಂದಿರುಗಿದ್ದರು. 1953ರದು ಅವರ ಏಳನೆಯ ಯಾತ್ರೆ. ಶಿಖರವೇರಿ ಬಂದ ಮೇಲೆ ಹಿಲರಿಯವರಿಗೂ ಹಂಟ್ ಅವರಿಗೂ ‘ಸರ್’ ಪದವಿ ದೊರೆಯಿತು, ತೇನ್‌ಸಿಂಗರಿಗೆ ಒಂದು ಪದಕ ದೊರೆಯಿತು. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಏರಿದವರಿಗೆ ಕೆಳಗಿಳಿದ ಮೇಲೆ ಎರಡು ತಕ್ಕಡಿ.

ಇನ್ನೂ ಹಿಂದಕ್ಕೆ ಹೋದರೆ 1922. ಆ ವರ್ಷದ ಜೂನ್ 7ರಂದು ಉತ್ತರದ ಪಾರ್ಶ್ವದಲ್ಲಿ ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಸತ್ತರು. ಎವರೆಸ್ಟ್ ಆರೋಹಣದ ಪ್ರಯತ್ನದಲ್ಲಿ ಹಿಮಕುಸಿತಕ್ಕೆ ಬಲಿಯಾದವರಲ್ಲಿ ಇವರೇ ಮೊದಲಿಗರು. ಎರಡು ವರ್ಷಗಳ ನಂತರ ಅದೇ ಪರ್ವತದಲ್ಲಿ ಕಾಣೆಯಾದ ಜಾರ್ಜ್ ಮ್ಯಾಲರಿಯವರ ಬಗ್ಗೆ ಗ್ರಂಥಗಳೇ ಇವೆ. ಈ ಏಳು ಮಂದಿ ಮಾತ್ರ ‘ಏಳು ಹೊರೆಯಾಳುಗಳು’ ಎಂಬ ಸಂಖ್ಯೆಯಾಗಿಯೇ ಉಳಿದುಬಿಟ್ಟಿದ್ದಾರೆ.

‘ಅದು ಬ್ರಿಟಿಷರ ಕಾಲ, ಈಗ ಹಾಗಿಲ್ಲ’ ಎನ್ನುವವರುಂಟು. ಈಗ ಹೇಗಿದೆ ನೋಡೋಣ. ನೇಪಾಳದ ಕಡೆಯಿಂದ ಏರುವವರು 5,364 ಮೀಟರ್ ಎತ್ತರದ ತಳಶಿಬಿರದಿಂದ ಹೊರಟೊಡನೆ ಖುಂಬು ಐಸ್‌ಫಾಲ್ ಎಂಬ ಸ್ಥಳವನ್ನು ದಾಟಬೇಕು. ಹಿಮನದಿಯೊಂದು ಕಡಿದಾದ ಇಳಿಜಾರಿನಲ್ಲಿ ಒಡೆದು, ಮನೆಗಾತ್ರದ ಮಂಜುಗಡ್ಡೆಗಳಾಗಿ ದಿನವೂ ಜರುಗುತ್ತಿರುವ ಜಾಗ ಅದು. ಯಾವ ಗಡ್ಡೆ ಯಾವಾಗ ಉರುಳುವುದೋ ಹೇಳಲಾಗದು. ಬಿಸಿಲೇರಿದಂತೆ ಅಪಾಯ ಹೆಚ್ಚುವುದರಿಂದ ನಸುಕಿನಲ್ಲೇ ಎದ್ದು ದಾಟುತ್ತಾರೆ. ಅಲ್ಲಿ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿಗಳನ್ನು ಹಾಸಿ, ಹಗ್ಗ ಬಿಗಿದು ದಾರಿ ಮಾಡುವವರು ಶೆರ್ಪಾಗಳು. ದಾರಿ ಮುರಿದಾಗಲೆಲ್ಲ ಹೋಗಿ ಸರಿಪಡಿಸುವವರೂ ಅವರೇ. ಗುಡಾರ, ಒಲೆ, ಅಕ್ಕಿ, ಆಮ್ಲಜನಕದ ಸಿಲಿಂಡರುಗಳು, ಎಲ್ಲವೂ ಆ ದಾರಿಯಲ್ಲೇ ಅವರ ಬೆನ್ನ ಮೇಲೆ ಮೇಲಕ್ಕೇರುತ್ತವೆ.

ಸಮಾರಂಭದ ಮಾರನೆಯ ದಿನ ಹುಡುಗ ನಮ್ಮ ಮನೆಗೆ ಬಂದ. ಕೋಪಿಸಿಕೊಂಡಿರಬಹುದೆಂದು ಅಳುಕಿದ್ದೆ. ಅವನು ಕಾಫಿ ಕುಡಿದು, “ಸಾರ್, ಆ ಐಸ್‌ಫಾಲನ್ನು ನಾನು ಮೇಲೇರಿದ್ದು ಎರಡೇ ಸಲ. ನನ್ನ ಜೊತೆಗಿದ್ದವರು ಆ ಋತುವಿನಲ್ಲೇ ಹನ್ನೆರಡು ಸಲಕ್ಕಿಂತ ಹೆಚ್ಚು ಏರಿದ್ದಾರೆ. ನಮಗೆ ಅಪಾಯ ಕಡಿಮೆಯಾಗಲಿ ಅಂತ ಎತ್ತರದ ಅಭ್ಯಾಸವನ್ನು ಪಕ್ಕದ ಬೇರೆ ಬೆಟ್ಟದ ಮೇಲೆ ಮಾಡಿಸಿದರು. ಅವರಿಗೆ ಆ ಸೌಕರ್ಯ ಇಲ್ಲ ಸಾರ್” ಎಂದ. ನಾನು ಹೇಳಬೇಕೆಂದಿದ್ದುದನ್ನು ಅವನೇ ಹೇಳಿಬಿಟ್ಟ. ಹಣ ಕೊಟ್ಟು ಏರುವವರ ಅಪಾಯವನ್ನು ಇಳಿಸುವ ಉಪಾಯಗಳು ವರ್ಷವರ್ಷಕ್ಕೂ ಹೆಚ್ಚುತ್ತಿವೆ. ಇಳಿಸಿದ ಅಪಾಯದಲ್ಲಿ ಬಹುಪಾಲು ಹೊರೆ ಹೊರುವವರ ಲೆಕ್ಕಕ್ಕೇ ಬಂದು ಸೇರುತ್ತಿದೆ.

ಆ ಲೆಕ್ಕ 2014ರ ಏಪ್ರಿಲ್ 18ರ ಬೆಳಗ್ಗೆ ಬಯಲಾಯಿತು. ಐಸ್‌ಫಾಲಿನ ಮೇಲೆ ಹಿಮ ಕುಸಿದು, ಹೊರೆ ಸಾಗಿಸುತ್ತಿದ್ದ ಹದಿನಾರು ಮಂದಿ ಸತ್ತರು. ಹದಿನಾರೂ ಮಂದಿ ನೇಪಾಳಿಗಳು, ಹಣ ಕೊಟ್ಟು ಏರಲು ಬಂದವರಲ್ಲಿ ಒಬ್ಬರೂ ಇಲ್ಲ. ಸತ್ತವರ ಕುಟುಂಬಗಳಿಗೆ ಸರ್ಕಾರ ಮೊದಲು ಘೋಷಿಸಿದ ಪರಿಹಾರ ನಲವತ್ತು ಸಾವಿರ ನೇಪಾಳಿ ರೂಪಾಯಿ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ. ಶೆರ್ಪಾಗಳು ಸಿಟ್ಟಿಗೆದ್ದು ಆ ವರ್ಷ ಏರಲು ನಿರಾಕರಿಸಿದರು. ಆಗ ಜಗತ್ತಿನ ಕೆಲವು ಪತ್ರಿಕೆಗಳು ‘ಪರ್ವತಾರೋಹಿಗಳ ಕನಸು ಭಗ್ನ’ ಎಂಬ ಧಾಟಿಯಲ್ಲಿ ಮರುಗಿದವು. ಮನೆಗೆ ಹಿಂದಿರುಗದ ಹದಿನಾರು ಮಂದಿಯ ಕನಸು ಏನಾಗಿತ್ತೆಂದು ಕೇಳಿದವರು ಕಡಿಮೆ.

ನನ್ನ ಮಾತಿಗೆ ಬಂದ ಆಕ್ಷೇಪಣೆಗಳನ್ನೂ ಇಲ್ಲಿ ದಾಖಲಿಸಬೇಕು. ಮೊದಲನೆಯದು, ‘ಅವರೇನು ಪುಕ್ಕಟೆ ಬರುತ್ತಾರೆಯೇ? ಕೈತುಂಬ ಕೂಲಿ ಪಡೆಯುತ್ತಾರೆ’ ಎಂಬುದು. ನಿಜ. ಒಂದು ಋತುವಿನಲ್ಲಿ ಅವರು ಗಳಿಸುವುದು ಅವರ ದೇಶದ ಸಾಮಾನ್ಯ ವಾರ್ಷಿಕ ಆದಾಯದ ಹಲವು ಪಟ್ಟು. ಆ ದುಡಿಮೆಯಿಂದ ಮಕ್ಕಳು ಓದಿದ್ದಾರೆ, ಮನೆಗಳು ಎದ್ದಿವೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಕೂಲಿ ಕೊಟ್ಟವನಿಗೆ ಹೆಸರು ಅಳಿಸುವ ಹಕ್ಕು ಎಲ್ಲಿಂದ ಬಂತು? ನಮ್ಮ ಬೇಲೂರಿಗೆ ಹೋಗಿ ನೋಡಿ. ಮದನಿಕೆಯರ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಕೆತ್ತಿವೆ. ಅವರೂ ಕೆಲಸಕ್ಕೆ ಪ್ರತಿಫಲ ಪಡೆದವರೇ ಇರಬೇಕು. ಗುಡಿ ಕಟ್ಟಿಸಿದವನು ವಿಷ್ಣುವರ್ಧನ ಮಹಾರಾಜ. ಹನ್ನೆರಡನೆಯ ಶತಮಾನದ ಅರಸನಿಗೆ ಕಲ್ಲುಕುಟಿಗನ ಹೆಸರು ಗುಡಿಯ ಮೇಲಿದ್ದರೆ ತನ್ನ ಕೀರ್ತಿಗೆ ಕುಂದು ಎನ್ನಿಸಲಿಲ್ಲ. ನಮಗೆ ಒಂದು ಫ್ಲೆಕ್ಸಿನಲ್ಲಿ ಹತ್ತೊಂಬತ್ತನೆಯ ಚಿತ್ರ ಹಾಕಲು ಸ್ಥಳ ಸಾಲದೆ ಹೋಯಿತು!

ಎರಡನೆಯದು, ‘ಸಾಹಸವನ್ನು ಹೀಗೆ ಹೀಗಳೆದರೆ ಯುವಕರು ಮುಂದೆ ಬರುವುದು ಹೇಗೆ?’ ಎಂಬುದು. ಎಂಟು ಸಾವಿರ ಮೀಟರಿನ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟು. ಅಲ್ಲಿ ಪ್ರತಿಯೊಂದು ಹೆಜ್ಜೆಯನ್ನೂ ಏರುವವನೇ ಎತ್ತಿಡಬೇಕು, ಬೇರೆಯವರು ಎತ್ತಿಡಲಾರರು. ನನ್ನ ಶಿಷ್ಯನ ಧೈರ್ಯ, ಶ್ರಮ, ಶಿಸ್ತು ಎಲ್ಲವೂ ನಿಜ. ನನ್ನ ತಕರಾರು ‘ವಿಜೇತ’ ಎಂಬ ಪದದ ಮೇಲೆ. ಗೆಲುವೆಂಬುದು ಅಲ್ಲಿದ್ದರೆ, 2025ರ ಮೇ ತಿಂಗಳಲ್ಲಿ ಅದೇ ಶಿಖರವನ್ನು 31ನೆಯ ಬಾರಿ ಏರಿದ ಕಾಮಿ ರೀಟಾ ಶೆರ್ಪಾ ಅವರನ್ನು ಏನೆಂದು ಕರೆಯೋಣ? ಕೃತಕ ಆಮ್ಲಜನಕವಿಲ್ಲದೆಯೇ ಹಲವು ಬಾರಿ ಏರಿ, 2020ರಲ್ಲಿ ತೀರಿಕೊಂಡ ಆಂಗ್ ರೀಟಾ ಅವರಿಗೆ ನಮ್ಮಲ್ಲಿ ಯಾವ ಸಭಾಭವನದಲ್ಲಿ ಸಂತಾಪ ಸೂಚಿಸಿದರು?

‘ಇವರು ಹೊರಗಿನಿಂದ ನೋಡಿ ಮಾತನಾಡುತ್ತಾರೆ’ ಎಂದು ಯಾರಾದರೂ ಅಂದುಕೊಂಡರೆ, ನನ್ನ ಮನೆಯ ಕಪಾಟಿನೊಳಗಿನ ಸಾಕ್ಷ್ಯವನ್ನೇ ಮುಂದಿಡುತ್ತೇನೆ. ನಿವೃತ್ತನಾದ ಮರುವರ್ಷ, 2009ರಲ್ಲಿ, ನಾವು ನಾಲ್ವರು ಅಧ್ಯಾಪಕ ಮಿತ್ರರು ಎವರೆಸ್ಟ್ ತಳಶಿಬಿರದ ಚಾರಣಕ್ಕೆ ಹೋಗಿದ್ದೆವು. ಲುಕ್ಲಾದಿಂದ ನಾಮ್ಚೆ ಬಜಾರ್, ತೆಂಗ್ಬೋಚೆ, ದಿಂಗ್ಬೋಚೆ. ನಮ್ಮ ಚೀಲಗಳನ್ನು ಒಬ್ಬ ತರುಣ ಹಣೆಗೆ ಪಟ್ಟಿ ಕಟ್ಟಿಕೊಂಡು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ನಮಗಿಂತ ಮುಂಚೆ ತಲುಪುತ್ತಿದ್ದ. ನಾವು ಅವನನ್ನು ‘ಶೆರ್ಪಾ, ಶೆರ್ಪಾ’ ಎಂದೇ ಕೂಗುತ್ತಿದ್ದೆವು. ಅವನು ಶೆರ್ಪಾ ಆಗಿರಲಿಲ್ಲ, ಕೆಳಗಿನ ಬೆಟ್ಟಗಳ ರಾಯಿ ಜನಾಂಗದವನು. ಶೆರ್ಪಾ ಎಂಬುದು ಒಂದು ಜನಾಂಗದ ಹೆಸರು, ಪೂರ್ವದಿಕ್ಕಿನವರು ಎಂದು ಅದರ ಅರ್ಥ. ಅದನ್ನು ಕೂಲಿಯ ಹೆಸರಾಗಿ ಮಾಡಿಕೊಂಡವರು ನಾವು.

ತುಕ್ಲಾದ ಏರು ಹತ್ತಿದ ಮೇಲೆ, ಪರ್ವತದಲ್ಲಿ ಸತ್ತವರ ಸ್ಮಾರಕಗಳು ಸಾಲಾಗಿರುವ ಒಂದು ಬಯಲು ಸಿಗುತ್ತದೆ. 1999ರಲ್ಲಿ ಶಿಖರದ ಮೇಲೆ ಆಮ್ಲಜನಕದ ಸಿಲಿಂಡರಿಲ್ಲದೆ 21 ಗಂಟೆ ಕಳೆದು, 2001ರಲ್ಲಿ ಅದೇ ಪರ್ವತದಲ್ಲಿ ಮಡಿದ ಬಾಬು ಚಿರಿ ಶೆರ್ಪಾ ಅವರ ಸ್ಮಾರಕವೂ ಅಲ್ಲಿದೆ. ಅಲ್ಲೇ ನನಗೆ ತಲೆ ಸಿಡಿಯತೊಡಗಿ, ವಾಂತಿಯಾಗಿ, ಕಾಲು ನಿಲ್ಲದಾಯಿತು. ಮಿತ್ರರು ಮುಂದೆ ಹೋದರು. ಹೋಗಿ ಎಂದು ನಾನೇ ಹೇಳಿದೆ. ಆ ತರುಣ ಚೀಲಗಳನ್ನು ಅಲ್ಲಿನ ವಸತಿಗೃಹದಲ್ಲಿರಿಸಿ, ನನ್ನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಕತ್ತಲಾಗುವ ಮುನ್ನ ನನ್ನನ್ನು ಕೆಳಗಿಳಿಸಿದ. ಆ ರಾತ್ರಿ ಅಲ್ಲೇ ಉಳಿದಿದ್ದರೆ ಈ ಬರಹ ಬರೆಯಲು ನಾನಿರುತ್ತಿರಲಿಲ್ಲವೇನೋ.

ಮೊನ್ನೆ ಹುಡುಗ ಎದ್ದುಹೋದ ಮೇಲೆ ಆ ಚಾರಣದ ಆಲ್ಬಮ್ ತೆಗೆದು ನೋಡಿದೆ. ನಾಮ್ಚೆಯಲ್ಲಿ ತೆಗೆಸಿಕೊಂಡ ಚಿತ್ರದ ಕೆಳಗೆ ನನ್ನದೇ ದುಂಡನೆಯ ಅಕ್ಷರಗಳಲ್ಲಿ ನಾಲ್ವರ ಹೆಸರುಗಳು, ಎಂ.ಎ., ಬಿ.ಎಡ್. ಸಹಿತ. ಐದನೆಯವನ ಕೆಳಗೆ ‘ನಮ್ಮ ಹಮಾಲಿ’ ಎಂದಷ್ಟೇ ಬರೆದಿದ್ದೇನೆ. ಅವನ ಹೆಸರನ್ನು ಕೇಳಿದ್ದೆ, ಎರಡನೆಯ ದಿನವೋ ಮೂರನೆಯ ದಿನವೋ. ಈಗ ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಜೊತೆಗಿದ್ದ ಮೂವರಲ್ಲಿ ಇಬ್ಬರು ಈಗಿಲ್ಲ, ಉಳಿದೊಬ್ಬರಿಗೂ ನೆನಪಿಲ್ಲ. ಸಾವಿರಾರು ಮಕ್ಕಳ ಹಾಜರಿ ಕೂಗಿದ ನಾಲಗೆ ಇದು. ಸಭಾಭವನದಲ್ಲಿ ಆ ಪ್ರಶ್ನೆ ಕೇಳುವಾಗ ನನ್ನ ಧ್ವನಿ ಸ್ವಲ್ಪ ಏರಿದ್ದರೆ ಸಂಘಟಕರು ಕ್ಷಮಿಸಬೇಕು. ಅದು ಅವರೊಬ್ಬರಿಗೇ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಪರ್ವತಾರೋಹಣ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ನಿಂತರೆ ಮೊದಲು ಹಸಿಯುವವರು ಖುಂಬು ಕಣಿವೆಯವರೇ. ಹಿಲರಿಯವರು ನಡೆದುಕೊಂಡ ರೀತಿ ನಮ್ಮ ಮುಂದಿದೆ. ತಮ್ಮ ಕೀರ್ತಿಯನ್ನು ಅವರು ಆ ಕಣಿವೆಯ ಋಣವೆಂದು ಬಗೆದರು. 1961ರಲ್ಲಿ ಖುಮ್‌ಜುಂಗ್ ಗ್ರಾಮದಲ್ಲಿ ಶಾಲೆ ತೆರೆಯಿಸಿದರು, 1966ರಲ್ಲಿ ಕುಂಡೆ ಗ್ರಾಮದಲ್ಲಿ ಆಸ್ಪತ್ರೆ ಕಟ್ಟಿಸಿದರು, ಬದುಕಿನುದ್ದಕ್ಕೂ ಆ ಕೆಲಸ ಬಿಡಲಿಲ್ಲ. ನಾವೆಲ್ಲರೂ ಅಷ್ಟು ಮಾಡಲಾರೆವು. ಆದರೆ ಎವರೆಸ್ಟಿಗೆ ಹೊರಟವನಿಗೆ ಊರವರು ಲಕ್ಷಗಟ್ಟಲೆ ದೇಣಿಗೆ ಎತ್ತುವಾಗ ಕೆಲವು ಪ್ರಶ್ನೆ ಕೇಳಬಹುದು. ನಿನ್ನ ಜೊತೆ ಏರುವವರಿಗೆ ಎಷ್ಟು ಮೊತ್ತದ ವಿಮೆ ಇದೆ? ಅವರಿಗೇನಾದರೂ ಆದರೆ ಕೆಳಗಿಳಿಸುವ ವೆಚ್ಚ ಯಾರದು? ಅವರ ಮನೆಯಲ್ಲಿ ಯಾರಿದ್ದಾರೆ? 2025ರ ಸೆಪ್ಟೆಂಬರಿನಿಂದ ವಸಂತ ಋತುವಿನ ಆರೋಹಣದ ಪರವಾನಗಿ ಶುಲ್ಕ ತಲಾ ಹದಿನೈದು ಸಾವಿರ ಡಾಲರ್ ಆಗಿದೆ. ಅದನ್ನು ಹೊಂದಿಸುವ ಶಕ್ತಿ ಇರುವವರಿಗೆ ಈ ಪ್ರಶ್ನೆಗಳ ಉತ್ತರ ಹೊಂದಿಸುವುದು ಕಷ್ಟವಾಗದು. ಪತ್ರಿಕೆಯವರು ವರದಿಯಲ್ಲಿ ಎರಡು ಹೆಸರು ಅಚ್ಚುಮಾಡಲಿ. ಅಧ್ಯಾಪಕ ಬಂಧುಗಳು ಒಂದು ಅಂಕದ ಪ್ರಶ್ನೆಯನ್ನು ಎರಡು ಅಂಕದ್ದಾಗಿ ಮಾಡಿ, ‘ಅವರಿಗಾಗಿ ಹೊರೆ ಹೊತ್ತವರು ಯಾರು?’ ಎಂದು ಸೇರಿಸಲಿ.

ಆಲ್ಬಮ್ಮಿನಲ್ಲಿ ‘ನಮ್ಮ ಹಮಾಲಿ’ ಎಂಬುದನ್ನು ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಬರೆಯಲು ನನ್ನಲ್ಲಿ ಏನೂ ಇಲ್ಲ, ಖಾಲಿ ಬಿಟ್ಟಿದ್ದೇನೆ. ಸಂಘಟಕರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಬಾರಿ ಇಂಥ ಸಮಾರಂಭ ಮಾಡುವಾಗ ಆಮಂತ್ರಣ ಪತ್ರಿಕೆಯಲ್ಲಿ ಎರಡೂ ಹೆಸರುಗಳಿರಲಿ. ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇನೆ, ಮೈಕ್ ಕೇಳುವುದಿಲ್ಲ.