ಕಣ್ಣು ಕ್ಯಾಮೆರಾ ಅಲ್ಲ: ವಿಜ್ಞಾನ ಕೈಪಿಡಿಯ ಹೊಣೆ ಹೊತ್ತ ಅಧಿಕಾರಿಗಳಿಗೆ ಬಹಿರಂಗ ಪತ್ರ



ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಮಿದುಳಿನತ್ತ ಹೊರಡುವ ನರತಂತುಗಳು 10 ಲಕ್ಷದ ಆಸುಪಾಸು. ಅಷ್ಟಗಲ ಹರಡಿದ ನಮ್ಮ ಸೀಮೆಯ ಸೂಳೆಕೆರೆಯ ನೀರು ಸಿದ್ದ, ಬಸವ ಎಂಬ ಎರಡು ತೂಬುಗಳಲ್ಲಿ ಹೊರಬಿದ್ದಂತೆ. ಹಾಗಾಗಿ ಕಣ್ಣು ಕಂಡದ್ದನ್ನೆಲ್ಲ ಸಾಗಿಸದೆ ಆರಿಸಿ ಕಳಿಸುತ್ತದೆ. ಉದ್ದೀಪನಗೊಂಡ ಕೋಶ ನೆರೆಯ ಕೋಶಗಳ ಸ್ಪಂದನೆಯನ್ನು ತಗ್ಗಿಸುವುದರಿಂದ ಅಂಚುಗಳು ಎದ್ದು ಕಾಣುತ್ತವೆ. ಕುದುರೆಲಾಳದ ಏಡಿಯ ಕಣ್ಣಿನಲ್ಲಿ ಇದನ್ನು ಗುರುತಿಸಿದ ವಿಜ್ಞಾನಿ ಹಾರ್ಟ್‌ಲೈನ್ 1967ರ ನೊಬೆಲ್ ಹಂಚಿಕೊಂಡರು.

ತಮ್ಮ ಕಚೇರಿಯ ಕನ್ನಡ ಕೈಪಿಡಿ ಮಾತ್ರ ಕಣ್ಣನ್ನು ಕ್ಯಾಮೆರಾ, ಮಿದುಳನ್ನು ಪರದೆ ಎನ್ನುತ್ತದೆ. ಕಂಪ್ಯೂಟರ್ ಮನುಷ್ಯನಂತೆಯೇ ನೋಡುತ್ತದೆ ಎಂದೂ ಸೇರಿಸುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಿಕ್ಷಕರು ಈ ತಪ್ಪನ್ನು ಬರೆದು ತಿಳಿಸಿದಾಗ, ಮರುಮುದ್ರಣದಲ್ಲಿ ತಿದ್ದುವ ಭರವಸೆ ತಮ್ಮ ಸಹಿಯಲ್ಲೇ ಬಂತು. ಮರುಮುದ್ರಣವೂ ಬಂತು. ಮುಖಪುಟ ಹೊಸದು, ತಪ್ಪು ಹಳೆಯದೇ.

ಮಿದುಳು ಪರದೆಯೂ ಅಲ್ಲ. ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1959ರಲ್ಲಿ ಬೆಕ್ಕಿನ ಮಿದುಳಿನಲ್ಲಿ ನಿರ್ದಿಷ್ಟ ಓರೆಯ ಗೆರೆಗಷ್ಟೇ ಸ್ಪಂದಿಸುವ ಕೋಶಗಳನ್ನು ಕಂಡರು. ಮುಂದೆ ಅವನ್ನು ಸರಳ, ಸಂಕೀರ್ಣ ಎಂದು ವಿಂಗಡಿಸಿದರು: ಗೆರೆ ತುಸು ಸರಿದರೂ ಸಂಕೀರ್ಣ ಕೋಶ ಅದನ್ನು ಬಿಡುವುದಿಲ್ಲ. ಈ ಎರಡು ಬಗೆಯ ಕೋಶಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಪದರಪದರವಾಗಿ ಜೋಡಿಸಿ ಜಪಾನಿನ ಫುಕುಶಿಮಾ 1980ರಲ್ಲಿ ಅಕ್ಷರ ಗುರುತಿಸುವ ನಿಯೋಕಾಗ್ನಿಟ್ರಾನ್ ಮಾದರಿ ಪ್ರಕಟಿಸಿದರು. ಇಂದು ಮೊಬೈಲಿನಲ್ಲಿ ಮುಖ ಗುರುತಿಸುವ ಕೃತಕ ನರಜಾಲಗಳು ಅದರ ಸಂತತಿ. ಮಹೋವಾಲ್ಡ್ ಮತ್ತು ಮೀಡ್ ಅಕ್ಷಿಪಟಲದ ಮಂಡಲವನ್ನೇ ಸಿಲಿಕಾನ್ ಚಿಪ್‌ಗೆ ಇಳಿಸಿದ್ದು ಇನ್ನೊಂದು ಕವಲು.

ಆದರೂ ಮಾದರಿ ಮಿದುಳಲ್ಲ ಎಂಬುದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಅವರ ತಂಡ 2021ರಲ್ಲಿ ಇಂಥ ನರಜಾಲಗಳನ್ನು ಮನುಷ್ಯರ ದೃಷ್ಟಿಯೊಂದಿಗೆ ಹೋಲಿಸಿತು. ತಲೆಕೆಳಗಾದ ಮುಖದಲ್ಲಿ ಕಣ್ಣು ಬಾಯಿಗಳ ವಿಕಾರ ಮನುಷ್ಯರಿಗೆ ಸುಲಭಕ್ಕೆ ತಿಳಿಯದು. ಮುಖಗಳ ಮೇಲೆ ತರಬೇತಿ ಪಡೆದ ಜಾಲವೂ ಹಾಗೆಯೇ ವರ್ತಿಸಿತು. ಆದರೆ ಮನುಷ್ಯ ಮೊದಲು ಇಡೀ ಆಕಾರ ಕಾಣುತ್ತಾನೆ, ಜಾಲ ಮೊದಲು ಬಿಡಿ ವಿವರ ಹಿಡಿಯುತ್ತದೆ. ಮೂರು ಆಯಾಮದ ಆಕಾರವೂ, ಇನ್ನೊಂದರ ಹಿಂದೆ ಮರೆಯಾದ ವಸ್ತುವೂ ಅದಕ್ಕೆ ನಮ್ಮಂತೆ ಕಾಣುವುದಿಲ್ಲ.

ಇಷ್ಟು ಬರೆಯಲು ಕೈಪಿಡಿಯಲ್ಲಿ ಅರ್ಧ ಪುಟ ಸಾಕಿತ್ತು. ಇಂಗ್ಲಿಷ್ ಆವೃತ್ತಿಯಲ್ಲಿ ಈ ತಪ್ಪು ತಿದ್ದಿಯಾಗಿದೆ ಎಂಬುದೇ ಹೆಚ್ಚು ಅವಮಾನ. ಕನ್ನಡ ಮಾಧ್ಯಮದ ಮಕ್ಕಳಿಗೆ ಹಳಸಿದ್ದೇ ಸಾಕೆಂದು ತೀರ್ಮಾನಿಸಿದವರು ಯಾರು? ಸಹಿ ಹಾಕಿದ ಮಾತಿಗೇ ಬೆಲೆಯಿಲ್ಲದಿದ್ದರೆ ಶಿಕ್ಷಕರಿಂದ ಅಭಿಪ್ರಾಯ ಕೇಳುವ ನಾಟಕವೇಕೆ? ತಿದ್ದುಪಡಿಯ ಹಾಳೆ ಕೈಪಿಡಿ ತಲುಪಿದ ಪ್ರತಿ ಶಾಲೆಗೂ ಬರಬೇಕು. ಎರಡೂ ಆವೃತ್ತಿಗಳು ಇನ್ನು ಮುಂದೆ ಒಟ್ಟಿಗೇ ಪರಿಷ್ಕಾರವಾಗಬೇಕು. ಕನ್ನಡದ ಕರಡನ್ನು ಅಚ್ಚಿಗೆ ಮೊದಲು ವಿಷಯ ಬಲ್ಲವರು ಓದಬೇಕು.

ಇತಿ,
ಸೂಳೆಕೆರೆ ಸೀಮೆಯ ವಿಜ್ಞಾನ ಶಿಕ್ಷಕರು