ಲೆಕ್ಕ ನಮ್ಮದು, ಬೀಗದಕೈ ಯಾರದು?

“ಎಲ್ಲವೂ ಕಂಪ್ಯೂಟರಿನಲ್ಲಿದೆ, ಸ್ವಾಮಿ” ಎಂಬುದು ನಮ್ಮ ಕಾಲದ ಅಭಯವಾಕ್ಯ. ಗೃಹನಿರ್ಮಾಣ ಸಹಕಾರ ಸಂಘದ ಕಾರ್ಯದರ್ಶಿಗಳು ಇದನ್ನು ಹೇಳುತ್ತಾರೆ. ಬಡಾವಣೆಯ ವಾಚನಾಲಯದವರು ಹೇಳುತ್ತಾರೆ. ಶಾಲೆಯ ಗುಮಾಸ್ತರು ಹೇಳುತ್ತಾರೆ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿ ನಾಲ್ಕು ಲೇತು ಇಟ್ಟುಕೊಂಡಿರುವ ಯಜಮಾನರೂ ಹೇಳುತ್ತಾರೆ. ಕೇಳಿದವರು ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಇದೆ ಎನ್ನುವುದೇನೋ ನಿಜವಿರಬಹುದು. ಇದ್ದದ್ದನ್ನು ಓದಬಲ್ಲಿರಾ ಎಂದು ಕೇಳುವವರನ್ನು ಮಾತ್ರ ನಾನು ಕಂಡಿಲ್ಲ. ಆ ಪ್ರಶ್ನೆಯನ್ನು ಇಲ್ಲಿ ಕೇಳಬಯಸುತ್ತೇನೆ.

ವಿಜಯನಗರವೇನು, ಬಸವೇಶ್ವರನಗರವೇನು, ಕೆಂಗೇರಿಯೇನು, ಸಣ್ಣ ಸಂಸ್ಥೆಗಳು ಲೆಡ್ಜರು ಮುಚ್ಚಿ ಕಂಪ್ಯೂಟರಿನ ಮುಂದೆ ಕುಳಿತಾಗ ಅವುಗಳಿಗೆ ಸಿಕ್ಕಿದ್ದು ಡಿಬೇಸ್, ಫಾಕ್ಸ್‌ಪ್ರೊ, ಆಮೇಲೆ ಆಕ್ಸೆಸ್. ಪರಿಚಯದ ಹುಡುಗನೊಬ್ಬ ಬಂದು ಪ್ರೋಗ್ರಾಂ ಬರೆದುಕೊಟ್ಟು ಹೋದ. ಕೆಲಸ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಡಿಬೇಸ್ ಮಾರುತ್ತಿದ್ದ ಆಷ್ಟನ್-ಟೇಟ್ ಕಂಪನಿಯನ್ನು 1991ರಲ್ಲಿ ಬೋರ್ಲ್ಯಾಂಡ್ ಕೊಂಡಿತು. ಫಾಕ್ಸ್‌ಪ್ರೊ ಮಾಡಿದವರನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅದರ ವಂಶದ ಕೊನೆಯ ಕುಡಿಯಾದ ವಿಷುಯಲ್ ಫಾಕ್ಸ್‌ಪ್ರೊಗೆ ಮುಂದೆ ಹೊಸ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿ ಸಾರಲಾಯಿತು; 2015ರ ಜನವರಿ 13ಕ್ಕೆ ಬೆಂಬಲವೂ ನಿಂತಿತು. ಡಾಸ್ ಕಾಲದ ಫಾಕ್ಸ್‌ಪ್ರೊ 64 ಬಿಟ್ಟಿನ ವಿಂಡೋಸಿನಲ್ಲಿ ತಾನಾಗಿ ಏಳುವುದೇ ಇಲ್ಲ; 2021ರಲ್ಲಿ ಬಂದ ವಿಂಡೋಸ್ 11ಕ್ಕೆ 64 ಬಿಟ್ಟಿನದಲ್ಲದೆ ಬೇರೆ ರೂಪವೇ ಇಲ್ಲ. ಆಕ್ಸೆಸ್ 97ರಲ್ಲಿ ಮಾಡಿದ ಕಡತವನ್ನು ಅದೇ ಮನೆಯ ಆಕ್ಸೆಸ್ 2013 ತೆರೆಯಲೊಲ್ಲದು. ಅಜ್ಜ ಬರೆದದ್ದನ್ನು ಮೊಮ್ಮಗ ಓದಲಾರ ಎಂಬ ಸ್ಥಿತಿ ಹದಿನಾರೇ ವರ್ಷದಲ್ಲಿ ಬಂದೊದಗಿತು.

ಇದಕ್ಕಾಗಿ ನಾನು ಕಂಪನಿಗಳನ್ನು ಬಯ್ಯಲು ಹೊರಟಿಲ್ಲ. ವ್ಯಾಪಾರಿ ಅಂಗಡಿ ಮುಚ್ಚುತ್ತಾನೆ; ಅದು ಅವನ ಧರ್ಮ. ಬೀಗದಕೈಯನ್ನು ಅವನ ಅಂಗಡಿಯಲ್ಲೇ ಬಿಟ್ಟು ಬಂದ ನಮ್ಮ ಬುದ್ಧಿಯ ಮೇಲೆ ನನ್ನ ತಕರಾರು.

ಕಡತ ಎಂಬ ಮಾತನ್ನೇ ನೋಡಿ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕರಿಯ ಪುಸ್ತಕಕ್ಕೆ ನಮ್ಮ ಹಿರಿಯರು ಇಟ್ಟ ಹೆಸರದು. ಅದನ್ನು ತೆರೆಯಲು ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಅಕ್ಷರ ಬಲ್ಲವನು ಓದುತ್ತಿದ್ದ. ಹಾಗೆಂದು ಹಳೆಯದೆಲ್ಲ ಸುಲಭವಾಗಿತ್ತೆಂದು ನಾನು ಹೇಳಲಾರೆ. ಉತ್ತರ ಕರ್ನಾಟಕದ ಎಷ್ಟೋ ಹಳೆಯ ಕಾಗದಪತ್ರಗಳು ಮೋಡಿ ಲಿಪಿಯಲ್ಲಿವೆ. ಕಾಗದ ಗಟ್ಟಿಯಾಗಿದೆ, ಶಾಯಿ ಮಾಸಿಲ್ಲ. ಓದುವವರು ಮಾತ್ರ ಬೆರಳೆಣಿಕೆಯಷ್ಟು. ಜಮೀನಿನ ವ್ಯಾಜ್ಯವಿದ್ದವರಿಗೆ ಇದರ ಕಷ್ಟ ಗೊತ್ತು. ಮೋಡಿ ಹೀಗೆ ಮರೆಯಾಗುವುದಕ್ಕೆ ತಲೆಮಾರುಗಳು ಹಿಡಿದವು. ನಾವು ಅದನ್ನು ಒಂದೇ ಗುಮಾಸ್ತರ ಸೇವಾವಧಿಯಲ್ಲಿ ಸಾಧಿಸಿದ್ದೇವೆ.

ನಾನು ಸದಸ್ಯನಾಗಿರುವ ಒಂದು ಸಂಘಕ್ಕೆ, ಹೆಸರು ಬೇಡ, ತೀರಿಹೋದ ಸದಸ್ಯರೊಬ್ಬರ ಪತ್ನಿ ಬಂದರು. ಯಜಮಾನರು ನಿವೇಶನಕ್ಕೆಂದು ಕಟ್ಟಿದ ಕಂತುಗಳ ವಿವರ ಅವರಿಗೆ ಬೇಕಿತ್ತು. ಮೂರು ಸಲ ಅಲೆದರು. “ಹಳೇ ಡೇಟಾ ಎಲ್ಲಾ ಹೋಗಿದೆ, ಅಮ್ಮಾ” ಎಂದು ಉತ್ತರ ಬಂತು. ಹೋಗಿರಲಿಲ್ಲ. ಫಾಕ್ಸ್‌ಪ್ರೊ ಕಡತಗಳು ಹೊಸ ಯಂತ್ರದ ಮೂಲೆಯಲ್ಲಿ ಸುಖವಾಗಿ ಕುಳಿತಿದ್ದವು. ನಡೆಯದೆ ಹೋದದ್ದು ಅವನ್ನು ತೋರಿಸುವ ಪ್ರೋಗ್ರಾಂ ಮಾತ್ರ. ಬಿಟ್ಟಿಯಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ಆ ಕಡತವನ್ನು ತೆರೆದಾಗ ಹೆಸರು, ತಾರೀಖು, ಮೊತ್ತ ಎಲ್ಲವೂ ಸಾಲಾಗಿ ನಿಂತವು. ಆದರೆ ಆಕೆಯ ಸಾಲಿನಲ್ಲಿ, ಕೊನೆಯ ಅಂಕಣದಲ್ಲಿ, 3 ಎಂಬ ಅಂಕೆಯಿತ್ತು. 3 ಎಂದರೆ ಕಂತು ಪೂರ್ತಿ ಸಂದಿದೆಯೆ? ಬಾಕಿಯೆ? ಸದಸ್ಯತ್ವ ರದ್ದೆ? ಈ ಮಾದರಿಯ ಕಡತದಲ್ಲಿ ಅಂಕಣದ ಹೆಸರಿಗೆ 10 ಅಕ್ಷರದಷ್ಟೇ ಜಾಗ. ಅರ್ಥ ಬರೆದಿಡಲು ಎಡೆಯಿಲ್ಲ. ಅರ್ಥ ಬಲ್ಲ ಹುಡುಗ ಯಾವ ದೇಶದಲ್ಲಿದ್ದಾನೋ! ಆ ತಾಯಿಯ ಪ್ರಶ್ನೆಗೆ ಉತ್ತರ ಇಂದಿಗೂ ಸಿಕ್ಕಿಲ್ಲ.

ಡಿಬೇಸ್ ಮಾದರಿಯ ಕಡತ ಇಷ್ಟಾದರೂ ಸಜ್ಜನ. ಅದರ ರಚನೆ ಜಗತ್ತಿಗೆಲ್ಲ ತಿಳಿದದ್ದು. ತಲೆಭಾಗದಲ್ಲಿ ಅಂಕಣಗಳ ಪಟ್ಟಿ, ಕೆಳಗೆ ಸಾಲುಗಳು; ತಾರೀಖೆಂದರೆ ಎಂಟು ಅಂಕೆ; ಅಳಿಸಿದ ಸಾಲಿನ ಮೊದಲಲ್ಲಿ ಒಂದು ನಕ್ಷತ್ರ ಚಿಹ್ನೆ. ಷರಾ ಬರೆದ ಭಾಗ ಮಾತ್ರ ಪಕ್ಕದ ಬೇರೊಂದು ಕಡತದಲ್ಲಿರುತ್ತದೆ. ಪ್ರತಿ ತೆಗೆಯುವಾಗ ಅದನ್ನು ಮರೆತರೆ ಷರಾ ಹೋದಂತೆಯೇ. ಆಕ್ಸೆಸ್ಸಿನ ಒಳರಚನೆಯನ್ನಾದರೋ ಕಂಪನಿ ಬಿಚ್ಚಿ ಹೇಳಲಿಲ್ಲ; ಹೊರಗಿನ ಉತ್ಸಾಹಿಗಳು ಕೆದಕಿ ಕೆದಕಿ ತಿಳಿದುಕೊಳ್ಳಬೇಕಾಯಿತು.

ಇನ್ನು ಕನ್ನಡದಲ್ಲಿ ಬರೆದಿಟ್ಟವರ ಪಾಡು ಇಮ್ಮಡಿ. ಡಾಸ್ ಕಾಲದಲ್ಲಿ ಕನ್ನಡ ಮೂಡಿಸಲು ಯಂತ್ರದೊಳಗೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು ಕೂಡಿಸುವುದಿತ್ತು. ವಿಂಡೋಸ್ ಬಂದ ಮೇಲೆ ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಕನ್ನಡಕ್ಕೆ ಅವು ಮಾಡಿದ ಉಪಕಾರ ದೊಡ್ಡದು. ಆದರೆ ಆ ಮೊದಲಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದವು. ವೇಷ ಕಳಚಿದರೆ, ಎಂದರೆ ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಹೋದರೆ, ಸದಸ್ಯರ ಪಟ್ಟಿಯಲ್ಲಿ ಹೆಸರಿನ ಬದಲು ಅಡ್ಡಗೆರೆ, ಆವರಣಚಿಹ್ನೆ, ಇಂಗ್ಲಿಷಿನ ಚೂರುಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆಯಿದೆ. ಹಳೆಯದನ್ನು ಅಲ್ಲಿಗೆ ಸಾಗಿಸುವ ಸಾಧನಗಳೂ ಇವೆ. ಯಾವ ಅಕ್ಷರಶೈಲಿಯಲ್ಲಿ ಬರೆದದ್ದು ಎಂದು ಗೊತ್ತಿದ್ದರೆ ಸಾಗಣೆ ಸುಲಭ. ಅದನ್ನು ಬಲ್ಲವರು ನಿವೃತ್ತರಾದ ಮೇಲೆ ಅದೂ ಊಹೆಯ ಆಟ.

ಪ್ರತಿವಾದಗಳನ್ನು ನಾನು ಬಲ್ಲೆ. “ಹಳೆಯ ಯಂತ್ರವನ್ನೇ ಇಟ್ಟುಕೊಂಡಿದ್ದೇವೆ” ಎನ್ನುತ್ತಾರೆ ಒಬ್ಬರು. ಅದು ಕೆಟ್ಟ ದಿನ ಏನು ಮಾಡುವಿರಿ? “ಅಚ್ಚು ತೆಗೆದು ಕಟ್ಟಿಟ್ಟಿದ್ದೇವೆ” ಎನ್ನುತ್ತಾರೆ ಇನ್ನೊಬ್ಬರು. ಒಳ್ಳೆಯದು, ಅವರಿಗೆ ನಮಸ್ಕಾರ. ಆದರೆ ಆ ಕಟ್ಟಿನಿಂದ ಒಂದು ಹೆಸರು ಹುಡುಕಲು, ಒಂದು ಮೊತ್ತ ಕೂಡಿಸಲು ಮತ್ತೆ ಗುಮಾಸ್ತರು ವಾರಗಟ್ಟಲೆ ಕೂರಬೇಕು. “ಈಗ ಎಲ್ಲವನ್ನೂ ಕ್ಲೌಡಿಗೆ ಹಾಕಿದ್ದೇವೆ” ಎನ್ನುವ ಮೂರನೆಯವರ ಮುಖದಲ್ಲಿ ಗೆಲುವು ಕಾಣುತ್ತದೆ. ಅವರು ಸ್ವಂತ ಮನೆಯ ಪೆಟ್ಟಿಗೆಯನ್ನು ಬಾಡಿಗೆ ಮನೆಗೆ ಸಾಗಿಸಿದ್ದಾರೆ, ಅಷ್ಟೆ. ಬಾಡಿಗೆ ತಪ್ಪಿದ ತಿಂಗಳು ಪೆಟ್ಟಿಗೆ ಯಾರ ಕೈಯಲ್ಲಿರುತ್ತದೆ ಎಂದು ಕರಾರು ಓದಿ ನೋಡಲಿ. “ಖರ್ಚು ಯಾರು ಕೊಡುತ್ತಾರೆ?” ಎಂಬುದು ಕೊನೆಯ ಬಾಣ. ವಾರ್ಷಿಕ ಸಭೆಯ ದಿನ ಹಾಕುವ ಶಾಮಿಯಾನದ ಖರ್ಚು ಯಾರು ಕೊಡುತ್ತಾರೋ ಅವರೇ ಕೊಡಲಿ.

ಮಾಡಬೇಕಾದ ಕೆಲಸ ಹೆಚ್ಚಿನದೇನಲ್ಲ. ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ತೆಗೆಯಿರಿ. ಆ ಪ್ರತಿಯಿಂದ ಎಲ್ಲ ಸಾಲುಗಳನ್ನೂ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ ಹೊರತೆಗೆಯಿರಿ. ಅದನ್ನು ಯಾವ ಯಂತ್ರವೂ ಓದುತ್ತದೆ. ಕನ್ನಡವನ್ನು ಯೂನಿಕೋಡಿಗೆ ತಂದು, ಒತ್ತಕ್ಷರ ಕೆಟ್ಟಿದೆಯೇ ಎಂದು ಹತ್ತಾರು ಹೆಸರು ಓದಿ ನೋಡಿರಿ. ಸಾಲುಗಳ ಸಂಖ್ಯೆ, ಹಣದ ಒಟ್ಟು ಮೊತ್ತ ಎರಡೂ ಕಡೆ ತಾಳೆಯಾಗಲಿ. ಕೊನೆಯದಾಗಿ, ಒಂದು ಹಾಳೆಯ ಮೇಲೆ ಯಾವ ಅಂಕಣದ ಅರ್ಥವೇನು, 3 ಎಂದರೇನು ಎಂದು ತಿಳಿಗನ್ನಡದಲ್ಲಿ ಬರೆದಿಡಿ. ಈ ಹಾಳೆಗೆ ಒಂದು ರೂಪಾಯಿಯೂ ಬೇಡ. ತಿಳಿದವರು ಬದುಕಿರುವಾಗ ಕೇಳಿ ಬರೆದುಕೊಳ್ಳುವ ವ್ಯವಧಾನ ಬೇಕು.

ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ತನಿಖೆ ಮಾಡುವ ಲೆಕ್ಕಪರಿಶೋಧಕರು ಲೆಕ್ಕ ಓದಲು ಬರುತ್ತದೆಯೇ ಎಂಬುದನ್ನೂ ತನಿಖೆ ಮಾಡಬೇಕೆಂದು ನನ್ನ ವಾದ. ನೋಂದಣಿ ಪುಸ್ತಕ ಕಾರ್ಯದರ್ಶಿಯ ಸ್ವತ್ತಲ್ಲ, ಪ್ರೋಗ್ರಾಂ ಬರೆದವನ ಸ್ವತ್ತೂ ಅಲ್ಲ, ಅದು ಸದಸ್ಯರದು. ಆದ್ದರಿಂದ ವಾಚಕರಲ್ಲಿ ನನ್ನ ವಿನಂತಿ ಇದು. ನಿಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ, ಕಾಫಿ ಬರುವುದಕ್ಕೆ ಮೊದಲು, ಎದ್ದುನಿಂತು ಕೇಳಿ: “ಇಪ್ಪತ್ತೈದು ವರ್ಷದ ಹಿಂದಿನ ನನ್ನ ಲೆಕ್ಕವನ್ನು ಈಗ, ಇಲ್ಲಿ, ತೆರೆದು ತೋರಿಸುವಿರಾ?” ತೋರಿಸಿದರೆ ಚಪ್ಪಾಳೆ ತಟ್ಟಿ. ತೋರಿಸದಿದ್ದರೆ ಆ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಸಭೆಯ ನಡವಳಿಯಲ್ಲಿ ಬರೆಸಿ, ಕಾಗದದ ಮೇಲೆ.